ಕೈಗೆ ಕಚ್ಚದ ತಂಪು

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಅಂದರೆ ಸುಳ್ಳಾಗುತ್ತದೆ, ಈಗಲೂ ಇದೆ. ಗಂಡನ ತಮ್ಮನ ಹೆಂಡತಿ, ನನಗಿಂತ ಹದಿನೆಂಟು ವರ್ಷ ಸಣ್ಣವಳು, ಸಲಗರೆಯ ಕಡೆಯ ಹೆಣ್ಣು. ಅವಳು ಮನೆ ತುಂಬಿದ ಮೇಲೆ ಅತ್ತೆ ನನ್ನನ್ನು ದೊಡ್ಡಾಕಿ ಎಂದೂ ಅವಳನ್ನು ಸಣ್ಣಾಕಿ ಎಂದೂ ಕರೆಯತೊಡಗಿದರು. ಅಲ್ಲಿಯವರೆಗೆ ನನಗೆ ಅಂಥ ಹೆಸರು ಬೇಕಾಗಿರಲಿಲ್ಲ. ಸೊಸೆ ಅಂತ ಕೂಗಿದರೆ ಓಗೊಡುವವಳು ನಾನೊಬ್ಬಳೇ ಇದ್ದೆ.

ನಮ್ಮದು ಮಿರಜದ ಪೇಟೆಯಲ್ಲಿ ಚಕ್ಕಾ ಮಾಡಿ ಮಾರುವ ಮನೆ. ಮೊಸರನ್ನು ಬಿಳಿ ಅರಿವೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಉಳಿಯುವ ಗಟ್ಟಿಯೇ ಚಕ್ಕಾ. ಅದಕ್ಕೆ ಸಕ್ಕರೆ, ಯಾಲಕ್ಕಿ ಸೇರಿಸಿ ತಿಕ್ಕಿದರೆ ಶ್ರೀಖಂಡ. ನಮ್ಮ ಕಡೆ ಯುಗಾದಿಯ ಪಾಡ್ವಾಕ್ಕೂ ದಸರಾಕ್ಕೂ ಶ್ರೀಖಂಡ ಪೂರಿ ಇಲ್ಲದಿದ್ದರೆ ಹಬ್ಬ ಆಯಿತು ಅಂತ ಯಾರೂ ಅನ್ನುವುದಿಲ್ಲ. ಸಾಂಗಲಿಯ ಅಂಗಡಿಗಳಿಗೆ ನಮ್ಮ ಚಕ್ಕಾ ಹಾಗೇ ಹೋಗುತ್ತದೆ. ಸೊಲ್ಲಾಪುರಕ್ಕೆ, ಪುಣೆಗೆ ಹೋಗಬೇಕಾದರೆ ಮಾತ್ರ ಪೆಟ್ಟಿಗೆ ಕಟ್ಟಬೇಕು. ಅಂಗಡಿಯ ಕಟ್ಟೆಯ ಮೇಲೆ ನಾವು ಮರಾಠಿ ಆಡುತ್ತೇವೆ, ಒಳಗೆ ಅರಿವೆ ತೂಗುಹಾಕುವ ಕೋಣೆಯಲ್ಲಿ ಕನ್ನಡ. ಗಂಡಸರು ಹೊರಗೆ, ನಾವು ಒಳಗೆ.

ಚಕ್ಕಾ ಯಾರು ಬೇಕಾದರೂ ಮಾಡಬಹುದು. ಪೆಟ್ಟಿಗೆ ಕಟ್ಟುವುದು ನನ್ನ ಕೆಲಸವಾಗಿತ್ತು. ಕಟ್ಟಿಗೆಯ ದೊಡ್ಡ ಪೆಟ್ಟಿಗೆ, ಅದರೊಳಗೆ ಕಟ್ಟಿಗೆ ಪುಡಿಯ ಹಾಸು, ಅದರ ಮೇಲೆ ಮಂಜುಗಡ್ಡೆ ಒಡೆದ ಬರ್ಫ, ಬರ್ಫದ ಮೇಲೆ ದಪ್ಪ ಉಪ್ಪು, ನಡುವೆ ಸ್ಟೀಲ್ ಡಬ್ಬಿಗಳು, ಮತ್ತೆ ಬರ್ಫ, ಮತ್ತೆ ಪುಡಿ, ಮೇಲೆ ಒದ್ದೆ ಗೋಣಿಚೀಲ. ಎಷ್ಟು ದೂರಕ್ಕೆ ಎಷ್ಟು ಬರ್ಫ, ಯಾವ ತಿಂಗಳಿಗೆ ಎಷ್ಟು ಉಪ್ಪು ಅನ್ನುವುದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಕಟ್ಟಿದ ಮೇಲೆ ಮೊಣಕೈ ತನಕ ಕೈ ಇಳಿಸಿ, ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಹತ್ತಕ್ಕೆ ಮೊದಲೇ ಕೈ ಹೊರಗೆ ಎಳೆದುಕೊಳ್ಳಬೇಕು ಅನ್ನಿಸಿದರೆ ಪೆಟ್ಟಿಗೆ ಸರಿಯಾಗಿದೆ. ಅತ್ತೆ ಅದನ್ನು ಕೈಗೆ ಕಚ್ಚೂದು ಅನ್ನುತ್ತಿದ್ದರು. ಕೈಗೆ ಕಚ್ಚದ ಪೆಟ್ಟಿಗೆ ನಮ್ಮ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಕೈ ಇಳಿಸಿದ್ದೇನೆ. ನನ್ನ ಬಲಗೈಯ ಎರಡು ಬೆರಳ ತುದಿಗೆ ಈಗ ಸೂಜಿ ಚುಚ್ಚಿದರೂ ಸರಿಯಾಗಿ ತಿಳಿಯುವುದಿಲ್ಲ.

ಪೆಟ್ಟಿಗೆ ಕಟ್ಟುವ ಮೊದಲು ಅತ್ತೆ ಮಣೆಯಿಂದ ಎದ್ದು ಬಂದು, ಕಿರುಬೆರಳಿಂದ ಚಕ್ಕಾ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, ನನ್ನ ಮುಖ ನೋಡಿ "ಕಟ್ಟ" ಅನ್ನುತ್ತಿದ್ದರು. ಅಷ್ಟೇ. ಚಲೋ ಆಗಿದೆ ಅಂತ ಅವರು ಹುಟ್ಟಿದಾಗಿನಿಂದ ಯಾರಿಗೂ ಹೇಳಿದವರಲ್ಲ. ಆದರೆ ಆ ಒಂದು ಮಾತನ್ನು ನನ್ನ ಮುಖ ನೋಡಿಯೇ ಹೇಳುತ್ತಿದ್ದರು, ಗಂಡಸರ ಮುಖ ನೋಡಿ ಅಲ್ಲ. ನನಗೆ ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಮಾತು.

ಇನ್ನು ಸಣ್ಣಾಕಿಯ ವಿಷಯ. ಡಿಪ್ಲೊಮಾ ಓದಿದ್ದಾಳೆ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಸಣ್ಣ ಕಾರಖಾನೆಯಲ್ಲಿ ಮದುವೆಗೆ ಮೊದಲೇ ಕೆಲಸಕ್ಕಿದ್ದಳು, ಮದುವೆಯ ಮೇಲೂ ಬಿಡಲಿಲ್ಲ. ಮುಂಜಾನೆ ಮುಖಕ್ಕೆ ಓಢಣಿ ಸುತ್ತಿಕೊಂಡು ಸ್ಕೂಟಿ ಹತ್ತಿದಳೆಂದರೆ ಹೋದಳು. ನಾನು ಹೊಸ ಸೊಸೆಯಾಗಿದ್ದಾಗ ತವರಿಗೆ ಹೋಗಲು ಎಂಟು ದಿನ ಮೊದಲು ಬಾಯಿ ತೆರೆಯಬೇಕಿತ್ತು, ಹೂಂ ಅನ್ನುವಷ್ಟರಲ್ಲಿ ತವರಿನ ಕಾರ್ಯ ಮುಗಿದಿರುತ್ತಿತ್ತು. ಅದೇ ಅತ್ತೆ ಇವಳು ಹೊರಡುವಾಗ ಬಾಗಿಲ ತನಕ ಬಂದು, ಊಟದ ಡಬ್ಬಿ ತಗೊಂಡಿಯೇನು ಅಂತ ಕೇಳುತ್ತಿದ್ದರು. ನಾನು ಒಳಗೆ ಅರಿವೆ ಹಿಂಡುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಅವಳೇನು ಕೆಟ್ಟವಳಲ್ಲ, ಎದುರುತ್ತರ ಕೊಟ್ಟವಳಲ್ಲ, ಬಂದ ಕೂಡಲೇ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಲ್ಲುತ್ತಿದ್ದಳು. ಅದರಿಂದ ನನ್ನ ಉರಿ ಇನ್ನೂ ಹೆಚ್ಚಾಗುತ್ತಿತ್ತು. ಕೆಟ್ಟವಳಾಗಿದ್ದರೆ ಬಾಯಿ ತುಂಬ ಬಯ್ದಾದರೂ ಹಗುರಾಗಬಹುದಿತ್ತು.

ಅವಳ ಕಾರಖಾನೆಯಲ್ಲಿ ನೀಲಿ ಪ್ಲೇಟು ತಯಾರಾಗುತ್ತವೆ. ಸಾಲಿಮಕ್ಕಳ ಪಾಟಿಯಷ್ಟು ಅಗಲ, ಹೆಬ್ಬೆರಳಿನಷ್ಟು ದಪ್ಪ, ಒಳಗೆ ಏನೋ ತುಂಬಿ ಬಾಯಿ ಮುಚ್ಚಿರುತ್ತಾರೆ. ದವಾಖಾನೆಗಳಿಗೆ ಲಸಿಕೆ ಒಯ್ಯುವವರು, ಹೂವು ಕಳಿಸುವವರು ಅವನ್ನು ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಒಂದು ದಿನ ಆರು ಪ್ಲೇಟು ಮನೆಗೆ ತಂದಳು. ನಮ್ಮ ಚಕ್ಕಾಕ್ಕೆ ಇವೇ ಸರಿ, ಬರ್ಫದ ಗೊಡವೆ ಬೇಡ ಅಂತ ಅತ್ತೆಯ ಮುಂದೆ ಶುರುಮಾಡಿದಳು. ನಾನು ಕೇಳದವಳ ಹಾಗೆ ಪಾತ್ರೆ ತಿಕ್ಕುತ್ತ ಕೂತೆ.

ಅತ್ತೆಗೆ ತಿಳಿಯುವ ಹಾಗೆ ಹೇಳಿದಳು, ಅದನ್ನು ಒಪ್ಪಲೇಬೇಕು. ಜಗಲಿಯ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಮುಂದೆ ಇಟ್ಟಳು. ಈ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿಗೆ ಇಟ್ಟರೆ ಕರಗುತ್ತದೆ, ನೀರು ಗಟ್ಟಿಯಾಗುವಷ್ಟು ಚಳಿ ಅದಕ್ಕೆ ಬೇಕಾಗಿಲ್ಲ. ಒಂದೊಂದು ಪದಾರ್ಥಕ್ಕೆ ಕರಗಲು ಒಂದೊಂದು ಹದ. ಕರಗುತ್ತಿರುವಾಗ ಅದು ಸುತ್ತಲಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಪೂರ್ತಿ ಕರಗಿ ಮುಗಿಯುವ ತನಕ ತನ್ನ ಹದ ಬಿಡುವುದಿಲ್ಲ. ಬರ್ಫದ ಹದ ಸೊನ್ನೆ, ಉಪ್ಪು ಬಿದ್ದರೆ ಇನ್ನೂ ಕೆಳಗೆ. ಪ್ಲೇಟಿನೊಳಗಿನದು ಐದು ಡಿಗ್ರಿಗೆ ನಿಲ್ಲುತ್ತದೆ. ಚಕ್ಕಾಕ್ಕೆ ಬೇಕಾದದ್ದೂ ಅಷ್ಟೇ.

ಅತ್ತೆ ಬಾಟಲಿಯನ್ನು ಅಲ್ಲಾಡಿಸಿ ನೋಡಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಬಂದು, ಅವಳು ಅಂಗಡಿಯ ಥಂಡಿ ಕಪಾಟಿನಲ್ಲಿ ಇಟ್ಟು ತೆಗೆದಿದ್ದ ಪ್ಲೇಟಿನ ಮೇಲೆ ಅಂಗೈ ಒತ್ತಿದೆ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಬಾವಿಯ ನೀರಿನಷ್ಟು ತಂಪು, ಅದಕ್ಕಿಂತ ಹೆಚ್ಚಲ್ಲ.

"ಇದು ಕಚ್ಚೂದ ಇಲ್ಲಲ್ಲ" ಅಂದೆ.

"ಕಚ್ಚಬಾರದ್ರಿ ಅಕ್ಕಾ. ನಿಮ್ಮ ಕೈಗೆ ಕಚ್ಚೂದು ಚಕ್ಕಾಕ್ಕೂ ಕಚ್ಚತೈತ್ರಿ."

ಎಷ್ಟು ಮೆತ್ತಗೆ ಹೇಳಿದಳು ಅಂದರೆ, ಅತ್ತೆ ನಕ್ಕುಬಿಟ್ಟರು. ಅತ್ತೆ ನಕ್ಕದ್ದನ್ನು ನಾನು ಎಷ್ಟು ಸಲ ನೋಡಿದ್ದೆನೋ, ಒಂದು ಕೈಯ ಬೆರಳು ಸಾಕು ಎಣಿಸಲು.

ಅವಳ ಮಾತು ಯಾಕೆ ಅಷ್ಟು ಚುಚ್ಚಿತು ಅಂದರೆ, ಅದು ನಿಜವಾಗಿತ್ತು. ನಮ್ಮ ಪೆಟ್ಟಿಗೆಯಲ್ಲಿ ದೂರ ಹೋದ ಡಬ್ಬಿಗಳಲ್ಲಿ ಒಳಗೋಡೆಗೆ ಹತ್ತಿದ ಚಕ್ಕಾ ಯಾವಾಗಲೂ ಹೆಪ್ಪುಗಟ್ಟಿ ರವೆಯ ಹಾಗಾಗುತ್ತಿತ್ತು. ಅದಕ್ಕೆ ನಾವು ಅಂಚು ಅನ್ನುತ್ತಿದ್ದೆವು. ಕೊಳ್ಳುವವರೂ ಅಂಚು ಕೆರೆದು ಬೇರೆ ತೆಗೆದು, ನಡುವಿನದನ್ನಷ್ಟೇ ಬಳಸುತ್ತಿದ್ದರು. ಡಬ್ಬಿಗೆ ಅಂಚು ಇರುವುದೇ, ಬಾಳೆಹಣ್ಣಿಗೆ ಸಿಪ್ಪೆ ಇದ್ದ ಹಾಗೆ, ಅಂತ ತಿಳಿದಿದ್ದೆ. ಅವಳು ತನ್ನ ಆರು ಪ್ಲೇಟುಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು ನಾಲ್ಕು ಡಬ್ಬಿ ಸೊಲ್ಲಾಪುರಕ್ಕೆ ಕಳಿಸಿ, ಒಂದನ್ನು ಅದೇ ಟೆಂಪೊದಲ್ಲಿ ವಾಪಸು ತರಿಸಿದಳು. ಅತ್ತೆ ಚಮಚ ಹಿಡಿದು ಒಳಗೋಡೆಯ ಸುತ್ತ ಕೆರೆದರು. ಮತ್ತೊಮ್ಮೆ ಕೆರೆದರು. "ಅಂಚs ಇಲ್ಲ" ಅಂದರು. ಅವರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಆದರೂ ಇಪ್ಪತ್ತೆರಡು ವರ್ಷ ನಾನು ಕಳಿಸಿದ ಅಂಚೆಲ್ಲ ತಂದು ನನ್ನ ಮುಂದೆ ಸುರಿದ ಹಾಗಾಯಿತು.

ಪಾಡ್ವಾ ಬಂತು. ಪುಣೆಯ ಒಬ್ಬ ದೊಡ್ಡ ಅಡಿಗೆಯವನು ಹಬ್ಬದ ಊಟಕ್ಕೆ ಎಂದೂ ಕೇಳದಷ್ಟು ಚಕ್ಕಾ ಕೇಳಿದ್ದ. ಚಲೋ ಆದರೆ ಇನ್ನು ಮುಂದೆ ವರ್ಷಪೂರ್ತಿ ನಮ್ಮದೇ ಅಂತ ಹೇಳಿದ್ದ. ಅತ್ತೆ ಎಲ್ಲರ ಮುಂದೆ ಹೇಳಿಬಿಟ್ಟರು: ಈ ಸಲ ಸಣ್ಣಾಕಿ ಕಟ್ಟಲಿ, ಪ್ಲೇಟಿನಲ್ಲಿ. ನನ್ನ ಗಂಡ ಹೂಂ ಅಂದರು, ಮೈದುನ ಹೂಂ ಅಂದ. ನಾನು ಏನು ಮಾಡಬೇಕು ಅಂತ ಕೇಳಲು ಯಾರಿಗೂ ಹೊಳೆಯಲಿಲ್ಲ. ಒಂದು ಸಲ ಅವಳ ಪೆಟ್ಟಿಗೆ ಪುಣೆ ಮುಟ್ಟಿದರೆ ನನ್ನ ಕೈಗೆ ಆ ಕೋಣೆಯಲ್ಲಿ ಕೆಲಸ ಉಳಿಯುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬದ ಹಿಂದಿನ ದಿನ ಮುಂಜಾನೆ ಸಣ್ಣಾಕಿ ಕಾರಖಾನೆಯಿಂದ ತಂದಿದ್ದ ಇನ್ನಷ್ಟು ಪ್ಲೇಟುಗಳನ್ನೆಲ್ಲ ಅಂಗಡಿಯ ಗಾಜಿನ ಬಾಗಿಲಿನ ಥಂಡಿ ಕಪಾಟಿನಲ್ಲಿ ಜೋಡಿಸಿ, ನನಗೆ ತೋರಿಸಿ ಹೇಳಿದಳು. ಇವು ಇಲ್ಲೇ ಗಟ್ಟಿಯಾಗಬೇಕು, ಡೀಪ್ ಫ್ರೀಜಿಗೆ ಹಾಕಬಾರದು, ಹಾಕಿದರೆ ತಮ್ಮ ಹದಕ್ಕಿಂತ ಕೆಳಗೆ ಹೋಗುತ್ತವೆ, ಮೊದಲ ನಾಲ್ಕೈದು ತಾಸು ಬರ್ಫಕ್ಕಿಂತ ಜೋರಾಗಿ ಕಚ್ಚುತ್ತವೆ. ಕೇಳಿಸಲಿಲ್ಲ ಅಂತ ನಾನು ಹೇಳಲಾರೆ. ಪೂರ್ತಿ ಕೇಳಿಸಿತ್ತು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬರುತ್ತೇನೆ, ನಾನೇ ಕಟ್ಟುತ್ತೇನೆ ಅಂತ ಹೇಳಿ ಹೋದಳು.

ಹಬ್ಬದ ಗಿರಾಕಿ. ಕಪಾಟಿನ ಬಾಗಿಲು ತೆಗೆಯುವುದು, ಹಾಕುವುದು, ಒಂದು ಕ್ಷಣ ಬಿಡುವಿಲ್ಲ. ಮಧ್ಯಾಹ್ನ ನಾನು ಹೋಗಿ ಪ್ಲೇಟು ಮುಟ್ಟಿದೆ. ತಂಪು ಇತ್ತು, ಕಚ್ಚಲಿಲ್ಲ. ನಡುವೆ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಇವು ಪುಣೆಯ ದಾರಿಯಲ್ಲಿ ಕರಾಡ ದಾಟುವುದರೊಳಗೆ ನೀರಾಗುತ್ತವೆ ಅನ್ನಿಸಿತು. ಹೀಗೆ ಅನ್ನಿಸಿದ್ದು ಸುಳ್ಳಲ್ಲ. ಮನೆತನದ ಹೆಸರು ಹೋಗುತ್ತದೆ ಅಂತ ಹೆದರಿಕೆಯಾದದ್ದೂ ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ನಾಳೆ ಎಲ್ಲ ಚಲೋ ಆದ ಮೇಲೆ ಅತ್ತೆಯ ಹತ್ತಿರ ಕೂತು, ಅವಳು ಮೆತ್ತಗೆ ಬಿಟ್ಟು ಹೋಗಿದ್ದಳು, ನಾನು ಗಟ್ಟಿ ಮಾಡಿದೆ, ಇಲ್ಲದಿದ್ದರೆ ನೀರಾಗುತ್ತಿತ್ತು ಅಂತ ಹೇಳಬೇಕು ಅನ್ನುವ ಆಸೆ. ಎಲ್ಲ ಪ್ಲೇಟು ಎತ್ತಿ ಬರ್ಫ ಇಡುವ ಡೀಪ್ ಫ್ರೀಜಿಗೆ ಹಾಕಿ ಮುಚ್ಚಳ ಮುಚ್ಚಿದೆ. ಅವಳು ಬರುವ ಮೊದಲು ತೆಗೆದು ಮತ್ತೆ ಕಪಾಟಿನಲ್ಲಿ ಇಟ್ಟರಾಯಿತು ಅಂದುಕೊಂಡೆ.

ಅವಳು ಬರಲೇ ಇಲ್ಲ. ಕಾರಖಾನೆಯಲ್ಲಿ ಯಂತ್ರ ಕೈಕೊಟ್ಟಿತ್ತು. ನಾಲ್ಕಕ್ಕೆ ಫೋನು ಮಾಡಿದಳು.

"ಅಕ್ಕಾ, ಬರಾಕ ಆಗವಲ್ದ್ರಿ. ನೀವs ಕಟ್ರಿ. ನಿಮ್ಮ ಕೈಲೆ ಕಟ್ಟಿದ್ರ ನನಗ ಕಾಳಜಿ ಇಲ್ಲ. ಪ್ಲೇಟ ಕಪಾಟದಾಗs ಅದಾವಲ್ರಿ?"

"ಅದಾವ" ಅಂದೆ.

ಈ ಒಂದು ಮಾತಿಗೆ ಇವತ್ತಿನ ತನಕ ನನಗೆ ಸಮಜಾಯಿಷಿ ಸಿಕ್ಕಿಲ್ಲ. ಇಲ್ಲ, ಫ್ರೀಜಿಗೆ ಹಾಕಿದ್ದೇನೆ, ಈಗೇನು ಮಾಡಲಿ ಅಂತ ಕೇಳಿದ್ದರೆ ಅವಳು ದಾರಿ ಹೇಳುತ್ತಿದ್ದಳು. ಅವಳನ್ನು ಕೇಳಬೇಕಲ್ಲ ಅನ್ನುವುದೇ ನನಗೆ ಅಡ್ಡ ಬಂತು.

ಪ್ಲೇಟು ಹೊರಗೆ ತೆಗೆದಾಗ ಕಲ್ಲಾಗಿದ್ದವು. ಬೆರಳಿನ ಚರ್ಮ ಅಂಟಿಕೊಂಡಿತು. ಕಚ್ಚಿತು. ದೇವರಾಣೆ, ನನಗೆ ಸಮಾಧಾನವಾಯಿತು. ಒಂದೊಂದು ಪೆಟ್ಟಿಗೆಯ ನಾಲ್ಕೂ ಕಡೆ, ಮೇಲೆ, ಕೆಳಗೆ ಜೋಡಿಸಿದೆ. ನಡುವಿನ ಡಬ್ಬಿಯ ಪಕ್ಕ ಇಡಬೇಕು ಅಂತ ಅವಳು ಕೊಟ್ಟಿದ್ದ ಅಂಗಿಯ ಗುಂಡಿಯಷ್ಟಿನ ಯಂತ್ರವನ್ನೂ ಇಟ್ಟೆ. ಅದೇನು ಮಾಡುತ್ತದೆ ಅಂತ ಕೇಳಿರಲಿಲ್ಲ. ಅತ್ತೆ ಬಂದು ಚಕ್ಕಾ ರುಚಿ ನೋಡಿ, ನನ್ನ ಮುಖ ನೋಡಿ "ಕಟ್ಟ" ಅಂದರು. ಅಷ್ಟು ಖುಷಿಯಾದದ್ದು ನನ್ನ ಮಗನಿಗೆ ಹೆಸರಿಟ್ಟ ಬಾರಸೆಯ ದಿನ, ಆಮೇಲೆ ಅವತ್ತು. ಐದಕ್ಕೆ ಟೆಂಪೊ ಹೋಯಿತು.

ಮರುದಿನ ಮುಂಜಾನೆ ಬಾಗಿಲಲ್ಲಿ, ಕೋಲಿಗೆ ಸೀರೆ ಸುತ್ತಿ, ಪಾಡ್ವಾದ ಗುಡಿ ಏರಿಸುತ್ತಿದ್ದೆವು. ನನ್ನ ಗಂಡ ಕೋಲು ಹಿಡಿದಿದ್ದರು, ಸಣ್ಣಾಕಿ ಬೇವಿನ ಟೊಂಗೆ ಕಟ್ಟುತ್ತಿದ್ದಳು, ನಾನು ಸಕ್ಕರೆ ಸರ ಹಿಡಿದು ನಿಂತಿದ್ದೆ. ಪುಣೆಯಿಂದ ಫೋನು ಬಂತು. ಗಂಡ ಮರಾಠಿಯಲ್ಲಿ ಎರಡು ಮಾತು ಆಡಿದರು, ಆಮೇಲೆ ಬರೀ ಕೇಳಿದರು. ಚಕ್ಕಾ ಕಲ್ಲಿನ ಹಾಗೆ ಬಂದಿತ್ತಂತೆ. ಕರಗಿದ ಮೇಲೆ ನೀರು ಬೇರೆ, ರವೆ ಬೇರೆ. ಎಷ್ಟು ತಿಕ್ಕಿದರೂ ಕೂಡಲಿಲ್ಲ. ಅಂಚು ಅಲ್ಲ, ಡಬ್ಬಿಗೆ ಡಬ್ಬಿಯೇ ಅಂಚಾಗಿತ್ತು. ಹಬ್ಬದ ದಿನ ಮತ್ತೆಲ್ಲಿಂದಲೋ ಚಕ್ಕಾ ಹುಡುಕಿ ತಂದೆ, ಇನ್ನು ನಿಮ್ಮ ಸಹವಾಸ ಸಾಕು ಅಂತ ಅಡಿಗೆಯವನು ಹೇಳಿದ. ಸಣ್ಣಾಕಿ ಬೇವಿನ ಟೊಂಗೆ ಕೆಳಗಿಟ್ಟಳು. ನಾನು ಹೆದರಿದೆ. ಆದರೆ ಕೇಳಿ, ಅಷ್ಟು ಹೆದರಿಕೆಯಲ್ಲೂ ಒಂದು ಮೂಲೆಯಲ್ಲಿ, ಅವಳ ಪ್ಲೇಟಿನ ಹೆಸರು ಹೋಯಿತು ಅಂತ ತಂಪಾಯಿತು. ಅಂಥ ಹೆಂಗಸು ನಾನು.

ಪೆಟ್ಟಿಗೆಗಳು ಮರುದಿನ ವಾಪಸು ಬಂದವು. ಎಲ್ಲರೂ ಒಳಗಿನ ಕೋಣೆಯಲ್ಲಿ ಕೂಡಿದರು. ಅತ್ತೆ ಮಣೆಯ ಮೇಲೆ. ಸಣ್ಣಾಕಿ ಆ ಗುಂಡಿಯಂಥದನ್ನು ತೆಗೆದು ತನ್ನ ಮೊಬೈಲಿಗೆ ತಾಗಿಸಿದಳು. ಆಗ ತಿಳಿಯಿತು ನನಗೆ, ಪೆಟ್ಟಿಗೆಯೊಳಗೆ ಯಾವ ತಾಸಿಗೆ ಎಷ್ಟು ತಂಪು ಇತ್ತು ಅಂತ ಅದು ದಾರಿಯುದ್ದಕ್ಕೂ ನೆನಪಿಟ್ಟುಕೊಂಡಿರುತ್ತದೆ. ಮೊಬೈಲಿನಲ್ಲಿ ಗೆರೆ ಮೂಡಿತು. ಗೆರೆ ಶುರುವಿನಲ್ಲೇ ಸೊನ್ನೆಗಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಕಪಾಟಿನಲ್ಲಿದ್ದ ಪ್ಲೇಟಿಗೆ ಅದು ಸಾಧ್ಯವಿಲ್ಲ. ಅವಳು ಗೆರೆ ನೋಡಿದಳು, ತಲೆ ಎತ್ತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಏನಾಗೇತಿ?" ಅಂತ ಅತ್ತೆ ಕೇಳಿದರು.

"ನಂದs ತಪ್ಪಾತ್ರಿ ಅತ್ತಿ. ಲಗೂ ಗಟ್ಟಿ ಆಗ್ಲಿ ಅಂತ ಮುಂಜಾನೆ ನಾನs ಡೀಪ್ ಫ್ರೀಜದಾಗ ಇಟ್ಟು ಹೋಗಿದ್ನಿ. ಅಕ್ಕಾಗ ಹೇಳೂದು ಮರ್ತೆ."

ಇನ್ನು ಮೇಲೆ ದೊಡ್ಡಾಕಿಯೇ ಕಟ್ಟಲಿ, ಬರ್ಫದಲ್ಲಿ, ಮೊದಲಿನ ಹಾಗೆ ಅಂತ ಅತ್ತೆ ಅಂದರು. ಪ್ಲೇಟುಗಳು ಅಟ್ಟಕ್ಕೆ ಹೋದವು. ಮೈದುನ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ.

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಖುಷಿಪಡಬೇಕಿತ್ತು. ಬಂದದ್ದು ಸಿಟ್ಟು. ಯಾರು ಕೇಳಿದ್ದರು ಅವಳನ್ನು? ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇನು? ನನ್ನ ತಪ್ಪು, ಅದನ್ನೂ ಕಸಿದುಕೊಂಡು ತನ್ನ ಸೆರಗಿಗೆ ಕಟ್ಟಿಕೊಂಡಳು. ನಾಲ್ಕು ದಿನ ಹಲ್ಲು ಕಚ್ಚಿಕೊಂಡಿದ್ದೆ. ಐದನೆಯ ದಿನ ಅವಳು ಮಾಳಿಗೆಯ ಮೇಲೆ ಅರಿವೆ ಒಣಹಾಕುವಾಗ ಹಿಂದಿನಿಂದ ಹೋಗಿ, ಯಾಕೆ ಸುಳ್ಳು ಹೇಳಿದಿ ಅಂತ ನೇರವಾಗಿ ಕೇಳಿದೆ.

ಅವಳು ಕೈಯಲ್ಲಿದ್ದ ಅರಿವೆ ಜಾಡಿಸಿ ತಂತಿಯ ಮೇಲೆ ಹಾಕಿದಳು. "ನನಗ ಬೈದ್ರ ಏನಾಕ್ಕೈತ್ರಿ ಅಕ್ಕಾ, ನಾಳೆ ಸ್ಕೂಟಿ ಹತ್ತಿ ಕೆಲಸಕ್ಕ ಹೋಗ್ತೇನಿ. ನಿಮಗ ಈ ಮನ್ಯಾಗ ಕಟ್ಟೂದೊಂದs ಅಲ್ರಿ ಇರೂದು?"

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಕುಹಕ ಇದ್ದಿದ್ದರೆ ಎಷ್ಟು ಚಲೋ ಆಗುತ್ತಿತ್ತು. ಕರುಣೆ ಇತ್ತು. ನಾನು ಅವಳ ಸ್ಕೂಟಿಗೆ, ಓದಿಗೆ, ಅತ್ತೆಯನ್ನು ನಗಿಸಿದ್ದಕ್ಕೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವಳೋ, ನನ್ನಲ್ಲಿ ಹೊಟ್ಟೆಕಿಚ್ಚು ಪಡುವಂಥದು ಏನೂ ಇಲ್ಲ ಅಂತ ಯಾವಾಗಲೋ ನೋಡಿ ಮುಗಿಸಿದ್ದಳು. ನಾನು ಮೆಟ್ಟಿಲು ಇಳಿದು ಒಳಗಿನ ಕೋಣೆಗೆ ಹೋದೆ.

ಆ ಬೇಸಿಗೆ, ಮಳೆಗಾಲ ಎಲ್ಲ ನಾನೇ ಕಟ್ಟಿದೆ. ಅತ್ತೆ ಪ್ರತಿ ಸಲ ನನ್ನ ಮುಖ ನೋಡಿ "ಕಟ್ಟ" ಅಂದರು. ಪ್ರತಿ ಸಲ ಅದು ಸಣ್ಣಾಕಿ ನನಗೆ ಕೊಟ್ಟ ಮಾತಿನ ಹಾಗೆ ಕೇಳಿಸಿತು. ಸೊಲ್ಲಾಪುರದವರು ಅಂಚು ಬಹಳ ಆಗಿದೆ ಅಂತ ಫೋನು ಮಾಡಿದಾಗ, ಮೊದಲಾಗಿದ್ದರೆ ಅವರ ಮೇಲೆ ಹಾರುತ್ತಿದ್ದೆ. ಈಗ ಅಟ್ಟದ ಕಡೆ ನೋಡುತ್ತಿದ್ದೆ.

ದಸರಾಕ್ಕೆ ಹದಿನೈದು ದಿನ ಇರುವಾಗ, ಎಲ್ಲರೂ ಚಹಾಕ್ಕೆ ಕೂತಿದ್ದಾಗ ಹೇಳಿಬಿಟ್ಟೆ. ಪ್ಲೇಟು ಡೀಪ್ ಫ್ರೀಜಿಗೆ ಹಾಕಿದವಳು ನಾನು, ಹಾಕಬಾರದು ಅಂತ ಗೊತ್ತಿದ್ದು ಹಾಕಿದೆ, ಕೇಳಿದಾಗ ಸುಳ್ಳು ಹೇಳಿದೆ. ಪ್ರಾಮಾಣಿಕತೆ ಅಂತ ಯಾರೂ ತಿಳಿಯಬೇಡಿ. ಅವಳ ಕರುಣೆ ತಿಂದು ಬದುಕುವುದಕ್ಕಿಂತ ಬೈಗಳ ತಿನ್ನುವುದು ಮೇಲು ಅನ್ನಿಸಿತ್ತು. ಗಂಡ ಬಟ್ಟಲು ಕೆಳಗಿಟ್ಟರು. ಸಣ್ಣಾಕಿ "ಅಕ್ಕಾ" ಅಂತ ಏನೋ ಅನ್ನಹೋದಳು, ಅತ್ತೆ ಕೈ ಎತ್ತಿ ತಡೆದರು.

"ಹಂಗಾರ ದಸರಾಕ್ಕ ಸಣ್ಣಾಕಿ ಕಟ್ಲಿ" ಅಂದರು. ಬೈಯಲಿಲ್ಲ. ನನ್ನ ಕಡೆ ತಿರುಗಿದರು. "ಕಪಾಟ ನೀ ಕಾಯಿ. ಪ್ಲೇಟಿಗೆ ಕೈ ಹಚ್ಚಿ ನೋಡಬ್ಯಾಡ. ಅಕಿ ಹೇಳಿದಂಗ ಮಾಡ."

ಮಾಡಿದೆ. ದಸರಾದ ಹಿಂದಿನ ದಿನ ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಗಿರಾಕಿಗೆ ಬೇಕಾದದ್ದನ್ನು ಬೇರೆ ಫ್ರಿಜ್ಜಿನಿಂದ ಕೊಡಿಸಿದೆ. ಪ್ಲೇಟುಗಳು ಗಟ್ಟಿಯಾದವು. ಸಣ್ಣಾಕಿ ರಜೆ ಹಾಕಿ ಬಂದು ಕಟ್ಟಿದಳು, ನಾನು ಮುಚ್ಚಳ ಹಿಡಿದು ಪಕ್ಕಕ್ಕೆ ನಿಂತೆ. ಅತ್ತೆ ಕಿರುಬೆರಳಿಂದ ಚಕ್ಕಾ ಮುಟ್ಟಿ, ನಾಲಿಗೆಗೆ ಹಚ್ಚಿಕೊಂಡು, ಅವಳ ಮುಖ ನೋಡಿ "ಕಟ್ಟ" ಅಂದರು. ಆ ಮಾತು ನನ್ನ ಪಕ್ಕದಿಂದ ಹಾದು ಹೋಯಿತು.

ಸೊಲ್ಲಾಪುರದಿಂದ ಒಂದು ಡಬ್ಬಿ ಹೆಚ್ಚಾಗಿ ವಾಪಸು ಬಂತು. ಕೋಣೆಯಲ್ಲಿ ನಾನು, ಸಣ್ಣಾಕಿ ಇಬ್ಬರೇ ಇದ್ದೆವು. ನಾನು ಚಮಚ ತಗೊಂಡು ರೂಢಿಯಂತೆ ಒಳಗೋಡೆಯ ಸುತ್ತ ಕೆರೆದೆ. ಏನೂ ಬರಲಿಲ್ಲ. ನಡುವಿನಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ. ಬೆಣ್ಣೆಯ ಹಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಪೆಟ್ಟಿಗೆಯಿಂದಲೂ ಅಂಥ ಚಕ್ಕಾ ತಿರುಗಿ ಬಂದಿರಲಿಲ್ಲ.

"ಹೆಂಗೈತ್ರಿ ಅಕ್ಕಾ?" ಅಂತ ಅವಳು ಕೇಳಿದಳು.

ಹುಳಿ ಸ್ವಲ್ಪ ಮುಂದಾಗಿದೆ ಅಂದೆ. ಹುಳಿ ಮುಂದಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.